ಹಿಮಾಲಯನ್ 411 ಬೈಕಿಗೆ ಹೊಸ ವಿಂಡ್‌ಶೀಲ್ಡ್: ಎತ್ತರದ್ದು ತಗೋಳ್ಲೋ, ಮೊದಲಿನ ಅಳತೀದೋ?

ಕಲಬುರಗಿ_ಸವಾರ:
ನಮಸ್ಕಾರ್ರಿ ಎಲ್ಲಾರಿಗೂ. ಹುಮನಾಬಾದ್ ರೋಡಿನ್ಯಾಗ ಮುಂದಿನ ಟಿಪ್ಪರ್‌ನಿಂದ ಜಲ್ಲಿಕಲ್ಲು ಸಿಡಿದು ವಿಂಡ್‌ಶೀಲ್ಡಿಗೆ ಬಡೀತು. ಸ್ಕ್ರೂ ತೂತಿನಿಂದ ಬಿರುಕು ಮ್ಯಾಲಿನ ಅಂಚಿನ ತನಕ ಹೋಗ್ಯಾದ. ಅಂಗಡ್ಯಾಗ ಮೂರು ನಮೂನಿ ಅವ: ಮೊದಲಿನ ಅಳತೀದು, ಅದಕ್ಕಿಂತ ಗೇಣು ಎತ್ತರದ್ದು, ಎತ್ತರದ್ರಾಗೇ ಕಪ್ಪು ಛಾಯೆದು. ವಿಜಯಪುರ, ಸೋಲಾಪುರ ಓಡಾಟ ಜಾಸ್ತಿ, 80–90ರ ಸ್ಪೀಡು, ವಾಪಸ್ ಬರೋದು ರಾತ್ರಿ. ಎದಿಗೆ ಗಾಳಿ ಬಡಿಯೋದು ಕಡಿಮಿ ಆಗಬೇಕು. ಯಾವುದು ತಗೋಳ್ಲಿ?

ಬೀದರ್_ಕೋಟೆ:
ಕಪ್ಪು ಮೊದಲು ಬಿಡ್ರಿ. ರಾತ್ರಿ ಲೈಟ್ ಇಲ್ದ ಕಬ್ಬಿನ ಟ್ರ್ಯಾಕ್ಟರ್ ಮುಂದ ಹೊಂಟಿರ್ತಾವ, ನಮ್ಮ ಕಡೆ ರೋಡು ನಿಮಗ ಗೊತ್ತೇ ಅದ.

ಉಳಿದದ್ದು ಎತ್ತರ. ಶೀಲ್ಡಿನ ಒಳಗಿಂದಲ್ಲ, ಮ್ಯಾಲಿಂದ ರೋಡು ಕಾಣಬೇಕ್ರಿ. ಮಳಿ ಹನಿ ಕೂತು ಎದುರಿನ ಲಾರಿ ಲೈಟ್ ಬಿತ್ತಂದ್ರ ಒಳಗಿಂದ ಏನೂ ಕಾಣಂಗಿಲ್ಲ. ಗಾಡಿ ನೆಟ್ಟಗ ನಿಲ್ಲಿಸಿ, ಹೆಲ್ಮೆಟ್ ಹಾಕ್ಕೊಂಡು, ದಿನಾ ಕೂಡೋ ಹಂಗ ಕೂಡ್ರಿ. ಈಗಿರೋ ಶೀಲ್ಡಿಗೆ ರಟ್ಟು ಟೇಪ್ ಹಚ್ಚಿ, ಅದರ ಅಂಚು ನಿಮ್ಮ ಮೂಗಿನ ಮಟ್ಟಕ್ಕ ಬರೋ ತನಕ ಕತ್ತರಿಸ್ಕೋತ ಬರ್ರಿ. ಆ ರಟ್ಟಿನ ಅಳತಿ ಹಿಡ್ಕೊಂಡು ಅಂಗಡಿಗೆ ಹೋಗ್ರಿ, ಅದಕ್ಕಿಂತ ಎತ್ತರದ್ದು ಬ್ಯಾಡ.

ಎತ್ತರ ಆದಷ್ಟೂ ಗಾಳಿ ಕಡಿಮಿ ಅಂತ ತಿಳೀಬ್ಯಾಡ್ರಿ. ಅಂಚು ದಾಟಿದ ಗಾಳಿ ಸುಳಿ ಆಗ್ತದ. ಆ ಸುಳಿ ಸೀದಾ ಹೆಲ್ಮೆಟ್ಟಿಗೆ ಬಡಿದ್ರ ತಲಿ ಅಲ್ಲಾಡಿ ಕುತ್ತಿಗಿ ನೋಯ್ತದ, ಕಿವಿ ಗುಂಯ್ ಅಂತದ. ಶೀಲ್ಡಿನ ಹಿಂದ ಒತ್ತಡ ಇಳಿಯೋದೇ ಇದಕ್ಕ ಕಾರಣ. ಕೆಳಗಿನ ಅಂಚಿಗೆ ಸ್ವಲ್ಪ ಸಂದು ಇದ್ರ ಅಲ್ಲಿಂದ ಗಾಳಿ ನುಗ್ಗಿ ಸುಳಿ ಸಡಿಲ ಆಗ್ತದ. ಆ ಸಂದು ಮುಚ್ಚಿಸಬ್ಯಾಡ್ರಿ.

ಶಹಾಬಾದಿ_ಫರ್ಸಿ:
ಅಣ್ಣಾವ್ರು ಹೇಳಿದ್ದು ಖರೇ ಅದ. ಶೀಲ್ಡಿನ ಪ್ಲಾಸ್ಟಿಕ್ ಯಾವ್ದು, ಪಾಲಿಕಾರ್ಬೊನೇಟ್ ಅದನೋ ಅಕ್ರಿಲಿಕ್ ಅದನೋ ಅಂತನೂ ಕೇಳ್ರಿ. ಕಲ್ಲಿನ ಹೊಡ್ತ ತಡಿಯೋದು ಪಾಲಿಕಾರ್ಬೊನೇಟ್, ಆದ್ರ ಲಗೂ ಗೀರು ಬೀಳ್ತಾವ. ಅಕ್ರಿಲಿಕ್ ಗೀರಿಗೆ ಗಟ್ಟಿ, ಕಲ್ಲು ಬಿದ್ರ ಒಡೀತದ. ನಮ್ಮ ಟಿಪ್ಪರ್ ರೋಡಿಗೆ ನಾ ಗೀರು ಬಿದ್ರೂ ಚಿಂತಿಲ್ಲ ಅಂತೀನಿ. ಗೀರು ತಡಿಯೋ ಲೇಪ ಇದ್ದದ್ದು ಸಿಕ್ರ ಇನ್ನೂ ಛಲೋ.

ಕಲಬುರಗಿ_ಸವಾರ:
ರಟ್ಟು ಹಚ್ಚಿ ನೋಡಿದ್ನಿ. ಮೊದಲಿನದಕ್ಕಿಂತ ನಾಲ್ಕು ಬೆರಳು ಎತ್ತರ ಸಾಕು, ಗೇಣಿನದು ಸೀದಾ ಕಣ್ಣಿಗೆ ಅಡ್ಡ ಬರ್ತದ. ಅಷ್ಟೇ ಎತ್ತರದ ಪಾಲಿಕಾರ್ಬೊನೇಟ್ ತರಿಸಾಕ ಹೇಳೀನಿ. ಕೂಡಿಸೋವಾಗ ಏನರೆ ನೋಡ್ಕೋಬೇಕಾ?

ಬೀದರ್_ಕೋಟೆ:
ಹೌದ್ರಿ, ಬಿರುಕು ಶುರು ಆಗೋದು ಭಾಳ ಸಲ ತೂತಿನಿಂದನೇ. ಸ್ಕ್ರೂಗೆ ರಬ್ಬರ್ ವಾಷರ್ ಹಾಕಸ್ರಿ, ತೂತು ಸ್ಕ್ರೂಗಿಂತ ಚೂರು ದೊಡ್ಡದಿರ್ಲಿ. ನಮ್ಮ ಬ್ಯಾಸಿಗಿ ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ತದ, ಅದಕ್ಕ ಜಾಗ ಬೇಕು. ಭಾಳ ಬಿಗಿ ಮಾಡಬ್ಯಾಡ್ರಿ. ಸ್ಕ್ರೂ ಸಡಿಲಾಗಬಾರ್ದಂತ ಮೆಕ್ಯಾನಿಕ್ ಲಾಕ್‌ಟೈಟ್ ಅನ್ನೋ ಅಂಟು ಹಚ್ಚಾಕ ಹೋದ್ರ ತಡೀರಿ, ಪಾಲಿಕಾರ್ಬೊನೇಟಿಗೆ ಅದು ತಾಗಿದ್ರ ಬಿರುಕು ಬಿಡ್ತದ. ಪೆಟ್ರೋಲ್, ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಸುದ್ದಾ ತಾಗಿಸಬ್ಯಾಡ್ರಿ. ಧೂಳನ್ನ ಒಣ ಬಟ್ಟಿಲೆ ಒರಸಬ್ಯಾಡ್ರಿ, ನೀರು ಸುರುವಿ ತೊಳೀರಿ. ಹುಳ ಅಂಟಿದ್ರ ಒದ್ದಿ ಬಟ್ಟಿ ಸ್ವಲ್ಪ ಹೊತ್ತು ಹೊದಿಸಿಡ್ರಿ, ನೆನೆದು ತಾನೇ ಬಿಡ್ತಾವ.