‘ಕಿಲ್ಲರ್’ಗೆ ಏನನ್ನೋಣ? ಕೊಲೆಗಾರ ಅಂತೂ ಅಲ್ಲ

ಎಲ್ಲರಿಗೂ ನಮಸ್ಕಾರ. ನಾಲ್ಕು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕಲು ಹೊರಟು ಒಂದು ವಾರ ಆಯಿತು. ಮೂರಕ್ಕೆ ಹೇಗೋ ದಾರಿ ಕಂಡಿದೆ. ಒಂದು ಮಾತ್ರ ಬಗ್ಗುತ್ತಿಲ್ಲ.

ಜನ ವೀಡಿಯೋ ಗೇಮ್ ಯಾಕೆ ಆಡುತ್ತಾರೆ ಎಂದು ಮಕ್ಕಳ ಪತ್ರಿಕೆಯೊಂದಕ್ಕೆ ಎರಡು ಪುಟ ಬರೆಯಬೇಕು. ಈ ವಿಷಯದಲ್ಲಿ ರಿಚರ್ಡ್ ಬಾರ್ಟಲ್ ಅವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿದ, ಹಲವರು ಕೂಡಿ ಆಡುವ ‘ಮಡ್’ ಎಂಬ ಕಂಪ್ಯೂಟರ್ ಆಟವನ್ನು ಬೆಳೆಸಿದವರು ಇವರು. ಅದರಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಮುಂದೆ ಇದೇ ಬಗೆಯ ಒಂದು ಆಟದ ಹಳೇ ಹುಲಿಗಳು ‘ಜನಕ್ಕೆ ಇದರಿಂದ ಏನು ಬೇಕು?’ ಎಂದು 1989ರ ನವೆಂಬರಿನಿಂದ 1990ರ ಮೇ ತನಕ ಜಗ್ಗಾಡಿದರು. ಅದನ್ನೆಲ್ಲ ಸೋಸಿ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದರು. ಆಡುವವರಲ್ಲಿ ನಾಲ್ಕು ಬಗೆ ಎಂದರು: ಅಚೀವರ್, ಎಕ್ಸ್‌ಪ್ಲೋರರ್, ಸೋಷಿಯಲೈಸರ್, ಕಿಲ್ಲರ್.

ನಿಘಂಟು ತೆಗೆದರೆ ಸಾಧಕ, ಅನ್ವೇಷಕ, ಸಮಾಜಮುಖಿ, ಕೊಲೆಗಾರ. ಒಂದೂ ಕೂರುವುದಿಲ್ಲ. ಸಾಧಕ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಶಾಲು, ಹಾರ, ಮೈಸೂರು ಪೇಟ. ಹಂತ ದಾಟಿ, ಪಾಯಿಂಟು ಗುಡ್ಡೆ ಹಾಕುವ ಹುಡುಗನಿಗೆ ಅಷ್ಟೆಲ್ಲ ಯಾಕೆ? ಸಮಾಜಮುಖಿ ಅಂದರೆ ಊರಿನ ಕೆರೆ ಹೂಳೆತ್ತಿಸುವವರು. ಬಾರ್ಟಲ್ ಹೇಳುವುದು ಆಟವನ್ನು ನೆಪ ಮಾಡಿಕೊಂಡು ಹರಟೆಗೆ ಬರುವವರನ್ನು.

ಬಾರ್ಟಲ್ ಈ ನಾಲ್ವರನ್ನೂ ಇಸ್ಪೀಟಿನ ಎಲೆಗಳಿಗೆ ಹೋಲಿಸಿದ್ದಾರೆ. ನಿಧಿ ಹುಡುಕುವವರು ಡೈಮಂಡ್, ಅಗೆದು ನೋಡುವವರು ಸ್ಪೇಡ್, ಮನಸ್ಸು ಕೊಡುವವರು ಹಾರ್ಟ್, ಬಡಿಯುವವರು ಕ್ಲಬ್. ಇಂಗ್ಲಿಷಿನಲ್ಲಿ ಸ್ಪೇಡ್ ಅಂದರೆ ಸನಿಕೆ, ಕ್ಲಬ್ ಅಂದರೆ ದೊಣ್ಣೆ. ಈ ಚಮತ್ಕಾರ ನಮ್ಮಲ್ಲಿ ಪೂರ್ತಿ ಸೋರಿಹೋಗುತ್ತದೆ. ನಮ್ಮ ಇಸ್ಪೀಟಿನಿಂದ ಏನನ್ನೂ ಅಗೆಯಲಾಗದು. ಕಳಾವರ್ ಡಚ್ಚರ ಕಡೆಯಿಂದ ಬಂದ ಮಾತು, ಅಲ್ಲಿ ಅದು ದೊಣ್ಣೆಯಲ್ಲ, ಮೂರೆಲೆಯ ಸೊಪ್ಪು. ಸೊಪ್ಪಿನಲ್ಲಿ ಯಾರನ್ನು ಬಡಿಯೋದು? ಆಟೀನು ಅಂದರೆ ಎದೆ ಎಂದು ಎಲೆ ನೋಡದೆ ಯಾರಿಗೂ ಹೊಳೆಯದು. ಹಾಗಾಗಿ ಎಲೆಗಳನ್ನು ಕೈಬಿಟ್ಟೆ.

ಆಮೇಲೆ ಹೊಳೆದದ್ದು ನಮ್ಮ ‘ಆಡು’. ಎಷ್ಟೋ ಪದಗಳಿಗೆ ಹೋಗಿ ಅಂಟಿಕೊಳ್ಳುತ್ತದೆ: ಮಾತಾಡು, ಓಡಾಡು, ಗುದ್ದಾಡು, ಪರದಾಡು. ಎಕ್ಸ್‌ಪ್ಲೋರರ್ ಅಂದರೆ ಹುಡುಕಾಡುವವರು. ಆಟದ ಮೂಲೆಮೂಲೆ ತಡಕಿ, ಯಾವ ಗೋಡೆಯ ಹಿಂದೆ ಏನಿದೆ ಎಂದು ನೋಡುವವರು. ಸೋಷಿಯಲೈಸರ್‌ಗೆ ಒಡನಾಡಿ ಇದ್ದೇ ಇದೆ, ಎಷ್ಟು ಚೆಂದದ ಪದ ಅಲ್ವಾ? ಅಚೀವರ್‌ಗೆ ಹೋರಾಡುವವರು ಅನ್ನಬಹುದಿತ್ತು, ಆದರೆ ‘ಹೋರಾಟಗಾರ’ ಅಂದರೆ ಈಗ ಧರಣಿ ಕೂರುವವರು. ಸದ್ಯಕ್ಕೆ ‘ಗಳಿಸುವವರು’ ಎಂದು ಬರೆದಿದ್ದೇನೆ. ‘ಆಡು’ ತಪ್ಪಿತಲ್ಲ ಅನ್ನೋ ಬೇಜಾರು ಇದೆ.

ಕಿಲ್ಲರ್‌ಗೆ ಕಾದಾಡುವವರು ಅನ್ನೋಣವೇ? ಅದೂ ತಪ್ಪು. ರಾಕ್ಷಸರನ್ನು ಕೊಂದು ಪಾಯಿಂಟು ಗಳಿಸುವುದು ಅಚೀವರ್ ಕೆಲಸ. ಕಿಲ್ಲರ್‌ಗೆ ಬೇಕಾದ್ದು ಇನ್ನೊಬ್ಬ ಆಟಗಾರ, ಅವನ ಗೋಳು. ಮೊನ್ನೆ ನಮ್ಮ ಅಣ್ಣನ ಮಗಳು ಮೈನ್‌ಕ್ರಾಫ್ಟ್ ಆಡುತ್ತಿದ್ದಳು. ಮೂರು ದಿನ ಕೂತು ಕೆರೆ ಪಕ್ಕ ಮರದ ಮನೆ ಕಟ್ಟಿದ್ದಾಳೆ. ತಮ್ಮ ಬಂದವನೇ ಚಾವಣಿ ಮೇಲೆ ಒಂದು ಬಕೆಟ್ ಲಾವಾ ಸುರಿದ. ಮನೆ ಧಗಧಗ. ಅವನಿಗೆ ಒಂದು ಪಾಯಿಂಟೂ ಬರಲಿಲ್ಲ. ಅವನು ಪರದೆ ಕೂಡ ನೋಡುತ್ತಿರಲಿಲ್ಲ, ಅಕ್ಕನ ಮುಖ ನೋಡುತ್ತಿದ್ದ! ‘ಇಂಥವರಿಗೆ ಏನಂತೀರೇ?’ ಎಂದು ಕೇಳಿದೆ. ‘ಗ್ರೀಫರ್, ಚಿಕ್ಕಪ್ಪ’ ಅಂದಳು. ಅಡುಗೆಮನೆಯಿಂದ ಅಜ್ಜಿ, ‘ಸುಮ್ನೆ ಕಾಡ್ತಾನೆ ಅವಳನ್ನ’ ಅಂದರು.

ಕಾಡುವವರು! ಅಜ್ಜಿಯ ಪದವೇ ಸರಿ ಅನಿಸುತ್ತಿದೆ. ಆದರೆ ನೆನಪೂ ಕಾಡುತ್ತದೆ, ಹಾಡೂ ಕಾಡುತ್ತದೆ. ಓದುವ ಮಕ್ಕಳು ಮೆಚ್ಚುಗೆ ಎಂದುಕೊಂಡರೆ? ‘ಕಾಟ ಕೊಡುವವರು’ ಅಂದರೆ ಅರ್ಥ ಖಚಿತ, ಆದರೆ ಉದ್ದ.

ಇನ್ನೊಂದು ಮಾತು. ಆಟಗಾರರ ಈ ನಾಲ್ಕು ಬಗೆಗೆ ಇಂಗ್ಲಿಷಿನಲ್ಲಿ ಬಳಸುವ ‘ಟೈಪ್’ ಎಂಬ ಮಾತಿಗೆ ದಯವಿಟ್ಟು ವರ್ಗ, ಪಂಗಡ ಬೇಡ. ಬಾರ್ಟಲ್ ಹೆಸರಿನಲ್ಲಿ ಬೇರೆಯವರು ಮಾಡಿದ ಪರೀಕ್ಷೆಯೊಂದಿದೆ. ಅದರಲ್ಲಿ ನಾಲ್ಕಕ್ಕೂ ಅಂಕ ಬರುತ್ತದೆ, ಒಟ್ಟು 200, ಒಂದೊಂದಕ್ಕೆ ಹೆಚ್ಚೆಂದರೆ 100. ಅಂದರೆ ಯಾರೂ ಬರೀ ಒಂದೇ ಬಗೆಯವರಲ್ಲ. ಇದಕ್ಕೆ ‘ಒಲವು’ ಸಾಕು. 2006ರಲ್ಲಿ ನಿಕ್ ಯೀ ಎಂಬ ಸಂಶೋಧಕರು ಸುಮಾರು 3000 ಆಟಗಾರರನ್ನು ಕೇಳಿ, ಗಳಿಕೆ, ಒಡನಾಟ, ಇಮ್ಮರ್ಷನ್ ಎಂಬ ಮೂರು ಸೆಳೆತ ಗುರುತಿಸಿದ್ದಾರೆ. ಇಮ್ಮರ್ಷನ್‌ಗೆ ತಲ್ಲೀನತೆ ಬೇಡ, ‘ಮೈಮರೆವು’ ಹಾಕಿದ್ದೇನೆ. ಇದಕ್ಕೆ ಯಾರದೂ ತಕರಾರು ಇರಲಾರದು.

ಕೇಳಬೇಕಾದದ್ದು ಎರಡೇ. ಅಚೀವರ್‌ಗೆ ‘ಆಡು’ ಸೇರಿದ ಪದ ಯಾರಿಗಾದರೂ ಹೊಳೆಯುತ್ತದೆಯೇ? ಕಾಡುವವನಿಗೆ ಧಾರವಾಡದ ಕಡೆ, ಮಂಗಳೂರಿನ ಕಡೆ ಏನೆನ್ನುತ್ತೀರಿ? ಮನೆಯಲ್ಲಿ ಬೈಯುವ ಪದವಾದರೂ ಪರವಾಗಿಲ್ಲ, ಅಚ್ಚು ಹಾಕುವಷ್ಟು ಮರ್ಯಾದಸ್ಥವಾಗಿದ್ದರೆ ಆಯಿತು. ಶುಕ್ರವಾರ ಲೇಖನ ಕಳಿಸಬೇಕು.