ಸಹಾಯ ಬೇಕು: ಲೈಮ್ ಕಾಯಿಲೆ ಇರಬಹುದಾ? ಸುಸ್ತು ಹೋಗುತ್ತಲೇ ಇಲ್ಲ

ನಾವು ಅಮೆರಿಕದ ಕನೆಕ್ಟಿಕಟ್‌ನಲ್ಲಿದ್ದೇವೆ, ಉಣ್ಣೆ ಹುಳು ಕಚ್ಚಿ ಬರುವ ಈ ಕಾಯಿಲೆಗೆ ಹೆಸರು ಕೊಟ್ಟ ಲೈಮ್ ಊರು ಇಲ್ಲೇ ಇರೋದು. ಜೂನ್‌ನಲ್ಲಿ ಹಿತ್ತಲ ಹುಲ್ಲು ಕತ್ತರಿಸಿದ ಮೇಲೆ ನಮ್ಮ ಯಜಮಾನರ ಮಂಡಿ ಹಿಂದೆ ಗಸಗಸೆಯಷ್ಟು ಚಿಕ್ಕ ಉಣ್ಣೆ ಹುಳು ಕಚ್ಚಿಕೊಂಡಿತ್ತು. ಆಮೇಲೆ ಜ್ವರ ಬಂತು, ಆದರೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬರುವ ಕೆಂಪು ಉಂಗುರದಂಥ ಗುರುತು ಕಾಣಲಿಲ್ಲ. ರಕ್ತಪರೀಕ್ಷೆ ನೆಗೆಟಿವ್. ಮೊದಲ ವಾರಗಳಲ್ಲಿ ಹಾಗೆ ಬರಬಹುದಂತೆ, ಅದಕ್ಕೇ ಡಾಕ್ಟರ್ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರು.

ಈಗ ಐದು ತಿಂಗಳಾಯಿತು. ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕೂತುಬಿಡುತ್ತಾರೆ, ಕೀಲುನೋವು, ಸರಿಯಾಗಿ ನಿದ್ದೆ ಇಲ್ಲ, ಮಾತಾಡುತ್ತಾ ಮಾತಾಡುತ್ತಾ ಪದವೇ ಮರೆತುಹೋಗುತ್ತದೆ. ಥೈರಾಯ್ಡ್, ಬಿ12 ಎಲ್ಲ ಸರಿಯಿದೆ. ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೆ ಅಪಾಯವೇ ಜಾಸ್ತಿ ಅಂತಾರೆ ಡಾಕ್ಟರ್, ನನಗೂ ಅದು ಬೇಡ ಅನ್ನಿಸುತ್ತದೆ.

ಇದನ್ನು ದಾಟಿ ಬಂದವರು ಇದ್ದೀರಾ? ಎಷ್ಟು ದಿನ ಹಿಡಿಯಿತು, ಯಾವ ತಜ್ಞರನ್ನು ನೋಡಿದಿರಿ? ದಯವಿಟ್ಟು ಹೇಳಿ.