ಅಪ್‌ಡೇಟ್: ಜೀಪಿನ ಟೈರ್ ಮತ್ತು ಬಳ್ಳಾರಿ ಜಾಲಿಯ ಮುಳ್ಳು

ಬಳ್ಳಾರಿ ಹತ್ತಿರದ ಕುಡತಿನಿ ಕಡೆಯ ಹೊಲದ ದಾರಿಯಲ್ಲಿ ನಮ್ಮ ಜೀಪಿನ ಟ್ಯೂಬ್‌ಲೆಸ್ ಟೈರ್‌ಗಳು ಪದೇ ಪದೇ ಪಂಕ್ಚರ್ ಆಗುತ್ತಿವೆ ಎಂದು ಇಲ್ಲಿ ಕೇಳಿದ್ದೆ. ಈಗ ಟೈರ್‌ಗಳಲ್ಲಿ ಗಾಳಿ ಇಳಿಯದೆ ನಿಂತಿದೆ!

ಫಲ ಕೊಟ್ಟದ್ದು ಟೈರ್ ಬಿಚ್ಚಿಸಿ ಒಳಮೈ ನೋಡಿಸಿ ಎಂದವರ ಸಲಹೆ. ಪಂಕ್ಚರ್ ಅಂಗಡಿಯವರು ಒಳಗೆ ಹತ್ತಿಬಟ್ಟೆ ಆಡಿಸಿದರು. ಅದು ಸಿಕ್ಕಿಕೊಂಡ ಕಡೆಯಲ್ಲೆಲ್ಲ ಜಾಲಿಮುಳ್ಳಿನ ತುದಿ ಇತ್ತು. ಹೊರಗಿನಿಂದ ಒಂದೂ ಕಾಣುತ್ತಿರಲಿಲ್ಲ. ರಬ್ಬರಿನಲ್ಲೇ ಮುರಿದು ಉಳಿದ ತುದಿ, ಗಾಡಿ ಓಡಿದಷ್ಟೂ ಒಳಕ್ಕೆ ಸರಿಯುತ್ತದೆ. ಹಳೆಯ ತೂತು ಮುಚ್ಚಿದರೂ ಮತ್ತೆ ಗಾಳಿ ಇಳಿಯುತ್ತಿದ್ದದ್ದು ಇದಕ್ಕೇ. ಎಲ್ಲವನ್ನೂ ಕಿತ್ತು, ಒಳಗಿನಿಂದ ಪ್ಯಾಚ್ ಹಾಕಿಸಿ, ಆಮೇಲೆ ಸೀಲಂಟ್ (ಸಣ್ಣ ತೂತನ್ನು ಒಳಗಿನಿಂದ ಮುಚ್ಚುವ ದ್ರವ) ತುಂಬಿಸಿದೆವು.

ಗಾಳಿ ಹೆಚ್ಚು ತುಂಬಿಸುವ ಉಪಾಯದಿಂದ ಪ್ರಯೋಜನವಾಗಲಿಲ್ಲ. ಕಲ್ಲಿನ ಮೇಲೆ ಗಾಡಿ ಕುಣಿಯಿತು, ಮುಳ್ಳು ಎಂದಿನಂತೆ ಚುಚ್ಚಿತು. ಒಂದು ಟೈರಿಗೆ ಪಕ್ಕದ ಮೈಯಲ್ಲೇ (ಸೈಡ್‌ವಾಲ್) ತೂತಾಗಿತ್ತು. ಅಲ್ಲಿ ಸೀಲಂಟ್ ನಿಲ್ಲುವುದಿಲ್ಲ, ಪ್ಯಾಚ್ ನಂಬುವಂತಿಲ್ಲ, ಅದನ್ನು ಬದಲಿಸಲೇಬೇಕಾಯಿತು. ಹೆಚ್ಚು ಪ್ಲೈ (ಟೈರಿನ ಒಳಪದರ) ಇರುವ ಟೈರನ್ನೇ ಕೊಂಡೆವು, ಕಲ್ಲಿನ ಕೊಯ್ತಕ್ಕೆ ಅದು ಒಳ್ಳೆಯದು.

ಬೇಲಿ ಸವರಿದ ಮೇಲೆ ಕೊಂಬೆಗಳನ್ನು ದಾರಿಯಲ್ಲಿ ಬಿಡಬೇಡಿ. ಜಾಲಿಮುಳ್ಳು ಒಣಗಿದರೂ ಮೆತ್ತಗಾಗುವುದಿಲ್ಲ. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.